ಮುಟ್ಟದೆ ಇಟ್ಟ ಕಾಫಿ

ಕ್ಷೌರದ ಹಿಕ್ಮತನಿಗೆ ಬಾಯಿ ಮುಂದು, ಬುದ್ಧಿ ಹಿಂದು. ಅದೇ ಅವನ ಮಾನ ಕಳೆಯಿತು.

ಸಿರಿಯಾ ಬಿಟ್ಟು ಜರ್ಮನಿಯ ಈ ಊರು ಸೇರಿದರೂ ನಮ್ಮ ಪದ್ಧತಿ ನಮ್ಮನ್ನು ಬಿಟ್ಟಿಲ್ಲ. ಹಿರಿಯರು ಏನಾದರೂ ಕೇಳಲು ಬಂದರೆ ಮುಂದಿಟ್ಟ ಕಾಫಿ ಮುಟ್ಟುವುದಿಲ್ಲ. ಮನೆಯವನು ಕುಡಿಯಿರಿ ಎಂದರೆ ಕೇಳಿದ್ದನ್ನು ಕೊಟ್ಟಂತೆ.

ಇಲ್ಲಿನ ನಮ್ಮವರಲ್ಲಿ ದೊಡ್ಡ ಮನುಷ್ಯರಾದ ಅಬು ಘಸ್ಸಾನ್ ಹಿರಿಯರನ್ನು ಕಟ್ಟಿಕೊಂಡು ಬಂದಾಗ, ಅವರ ಮೊಮ್ಮಗನಿಗೆ ತನ್ನ ಮಗಳನ್ನು ಕೇಳಲು ಬಂದರೆಂದೇ ಹಿಕ್ಮತ್ ಹಿಗ್ಗಿದ. ಅವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಕುಡೀರಿ ಯಜಮಾನ್ರೇ. ನೀವು ಬಂದ ಕೆಲಸ ಆಯ್ತು ಅಂದ್ಕೊಳ್ಳಿ."

ಅವರು ಕುಡಿದು ಮೀಸೆ ಒರೆಸಿಕೊಂಡರು. "ದೊಡ್ಡ ಮನಸ್ಸು ಕಣಪ್ಪಾ ನಿಂದು. ಇಲ್ಲಿ ಜೈಲಲ್ಲಿರೋನು ನನ್ನ ಬಾಮೈದ. ಅವನ ಮೇಲೆ ಕೋರ್ಟಲ್ಲಿ ಸಾಕ್ಷಿ ಹೇಳ್ಬೇಡ."

ಆ ಬಾಮೈದ ಸಿರಿಯಾದ ಸೆರೆಮನೆಯಲ್ಲಿ ಹಿಕ್ಮತನನ್ನು ನೇತುಹಾಕಿ ಹೊಡೆಸಿದ ಅಧಿಕಾರಿ. ಅವನೂ ನಿರಾಶ್ರಿತನ ವೇಷದಲ್ಲಿ ಇಲ್ಲಿಗೇ ಬಂದು ಸಿಕ್ಕಿಬಿದ್ದಿದ್ದ. ನಮ್ಮ ದೇಶದ ಕೋರ್ಟುಗಳು ಬಾಯಿ ಹೊಲಿದುಕೊಂಡು ಕೂತಿದ್ದಾಗ, ಇಂಥ ಹಿಂಸೆ ಎಲ್ಲೇ ನಡೆದಿದ್ದರೂ ನಾನು ವಿಚಾರಿಸುತ್ತೇನೆ ಎಂದು ಎದ್ದು ನಿಂತದ್ದು ಈ ಪರದೇಶದ ಕೋರ್ಟು. ಸಾಕ್ಷಿ ಇಲ್ಲದಿದ್ದರೆ ಅದಾದರೂ ಏನು ಮಾಡೀತು?

"ಮಗಳನ್ನ ಕೊಡೋಕೆ ಹೋಗಿ ನಾಲಿಗೇನೇ ಕೊಟ್ಬಿಟ್ರಲ್ಲ," ಎಂದಳು ಹೆಂಡತಿ. ಹಿಕ್ಮತ್ ನಾಚಿಕೆಯಿಂದ ಕುಗ್ಗಿಹೋದ. ಕೊಟ್ಟ ಮಾತು ಮುರಿಯುವುದು ಹೇಗೆ? ನನಗೇನೂ ನೆನಪಿಲ್ಲ ಎಂದು ವಕೀಲರಿಗೆ ಹೇಳಿ ಕಳಿಸಿದ. ಅಂಗಡಿಯಲ್ಲಿ ಕನ್ನಡಿ ನೋಡುವುದನ್ನೇ ಬಿಟ್ಟ.

ವಿಚಾರಣೆಯ ಹಿಂದಿನ ದಿನ ಉಮ್ ತೈಸೀರ್ ಬಂದಳು. ಅವಳ ಮಗ ಸೆರೆಮನೆಯಲ್ಲಿ ಹಿಕ್ಮತನ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ಅದನ್ನು ಕಂಡವರಲ್ಲಿ ಬದುಕಿ ಉಳಿದವನು ಇವನೊಬ್ಬನೇ.

ಕಾಫಿ ಇಟ್ಟರು. ಮುದುಕಿ ಮುಟ್ಟಲಿಲ್ಲ.

"ಅಮ್ಮಾ, ನಾನು ಮಾತು ಕೊಟ್ಬಿಟ್ಟಿದೀನಿ," ಎಂದ, ತಲೆ ಎತ್ತದೆ.

"ಗೊತ್ತು ಮಗಾ. ಅವರಿಗೆ ಕಾಫಿ ಕೊಟ್ಟೆಯಂತೆ. ನನ್ನ ಕೂಸು ಒಂದು ಗುಟುಕು ನೀರು ಕೇಳ್ತಾ ಹೋದ ಅಂತ ನೀನೇ ಅಲ್ವಾ ಹೇಳಿದ್ದು?"

ಬಟ್ಟಲಿನ ಹಬೆ ಆರಿತು. ಅವಳು ಏಳಲೂ ಇಲ್ಲ, ಅಳಲೂ ಇಲ್ಲ.

"ಕುಡೀರಿ ಅಮ್ಮಾ," ಎಂದ ಕೊನೆಗೆ.

ಅವಳು ತಣ್ಣಗಾದದ್ದನ್ನೇ ತಳದವರೆಗೂ ಕುಡಿದಳು.

ಮರುದಿನ ಕೋರ್ಟಿನಲ್ಲಿ ಅವನು ಎಲ್ಲವನ್ನೂ ಹೇಳಿದ. ಅಬು ಘಸ್ಸಾನ್ ಎದ್ದು ಹೊರನಡೆದರು. ಮಗಳ ಸಂಬಂಧದ ಆಸೆ ಅಲ್ಲಿಗೇ ಮುಗಿಯಿತು. ಹೊರಗೆ ಉಮ್ ತೈಸೀರ್ ಅವನ ಕೈ ಹಿಡಿದು ಮುತ್ತಿಡಲು ಬಂದಳು. ಹಿಕ್ಮತ್ ಕೈ ಎಳೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟ.

"ಬೇಡಮ್ಮಾ," ಎಂದ. "ನೀವೇ ಮನೆಗೆ ಬಂದು ಕೇಳೋ ಹಾಗೆ ಮಾಡಿದ್ನಲ್ಲ ನಾನು."