ರತ್ನಿಯ ಅಕ್ಷರ

ಆಗೆಲ್ಲ ವಾಸ್ಕೋದಲ್ಲಿ ಮಳೆ ಹಿಡಿದರೆ ನಮ್ಮ ಚಾಳು ಖಾಲಿಯಾಗುತ್ತಿತ್ತು. ಕಟ್ಟಡದ ಕೆಲಸ ನಿಂತು, ವಿಜಯಪುರದ ಕಡೆಯವರು ಬಿತ್ತನೆಗೆಂದು ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತಿದ್ದರು. ಅಪ್ಪನದು ಬಂದರಿನ ಕೆಲಸ, ಅದಕ್ಕೆ ಮಳೆಗಾಲದ ರಜೆಯಿಲ್ಲ. ಒಣಮೀನಿನ ವಾಸನೆಯ ಆ ಓಣಿಯಲ್ಲಿ ಕುಂಟೆಬಿಲ್ಲೆ ಆಡಲು ನಾನೊಬ್ಬಳೇ ಉಳಿಯುತ್ತಿದ್ದೆ. ಒಬ್ಬಳೇ ಆಡಿ ಗೆದ್ದರೆ ಯಾರಿಗೆ ಹೇಳುವುದು?

ಪಕ್ಕದ ಖೋಲಿಯ ರತ್ನಿ ನನ್ನ ಜೀವದ ಗೆಳತಿ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಬೀಜಗಣಿತ ಶುರುಮಾಡಿದ ದಿನ ಮಾಸ್ತರರು, "ಗೊತ್ತಿಲ್ಲದ ಸಂಖ್ಯಾಕ್ಕ ಯಾವ ಅಕ್ಷರಾ ಇಟ್ರೂ ನಡೀತೈತಿ" ಅಂದಿದ್ದೇ ತಡ, ರತ್ನಿ ನನ್ನನ್ನು ತಿವಿದಳು.

"ಸುಶೀ, ನಾ ನಿನ್ನ ಅಕ್ಷರ ಇಡತೇನಿ, ನೀ ನಂದು ಇಡು."

ಅಂದಿನಿಂದ ಆಕೆಯ ಲೆಕ್ಕದಲ್ಲಿ 'ಸು', ನನ್ನದರಲ್ಲಿ 'ರ'. ಪಾವು ಚಹಾದಲ್ಲಿ ಅದ್ದುತ್ತ ನನಗೆ ಪಾಠ ಹೇಳುತ್ತಿದ್ದಳು. "ರ ಎಲ್ಲಾ ಒಂದ್ ಕಡಿ ಕುಂದ್ರಸು, ಬರೀ ಅಂಕಿ ಆ ಕಡಿ ದಾಟಸು. ದಾಟೂ ಮುಂದ ಚಿನ್ಹಾ ಬದಲ ಮಾಡೂದು ಮರೀಬ್ಯಾಡ!" ಆ ದರ್ಪ ನೋಡಬೇಕಿತ್ತು.

ಎಂಟನೆಯದಕ್ಕೆ ಇಬ್ಬರೂ ಇಂಗ್ಲಿಷ್ ಶಾಲೆಗೆ ಹೋಗುವುದೆಂದು ಮಾತಾಗಿತ್ತು. ಆ ವರ್ಷವೂ ಎಂದಿನಂತೆ ಮಳೆಗೆ ಮುಂಚೆ ರತ್ನಿಯ ಮನೆಯವರು ಊರಿಗೆ ಹೊರಟರು. "ಪಂಚಮಿ ಉಂಡಿ ತಗೊಂಡು ಬರ್ತೇನಿ, ನನ್ನ ಜಾಗಾ ಹಿಡದಿಡು" ಎಂದು ಬಸ್ಸು ಹತ್ತಿದಳು. ಹೊಸ ಶಾಲೆಯಲ್ಲಿ ಸುತ್ತಲೂ ಕೊಂಕಣಿ, ಇಂಗ್ಲಿಷ್. ನನಗೆ ಎರಡೂ ನೆಟ್ಟಗೆ ಬಾರವು. ಪಕ್ಕದಲ್ಲಿ ಚೀಲ ಇಟ್ಟು ರತ್ನಿಯ ಜಾಗ ಕಾದೆ. ಆ ಜಾಗವನ್ನು ಯಾರೂ ಕೇಳಲೂ ಇಲ್ಲ. ಬೋರ್ಡಿನ ಮೇಲೆ x ಇರುತ್ತಿತ್ತು, ನಾನು ಮಾತ್ರ 'ರ' ಬಿಡಲಿಲ್ಲ.

ಪಂಚಮಿ ಮುಗಿದ ಮೇಲೆ ಗಣಿತದ ಪರೀಕ್ಷೆ. ಒಂದು ಸಂಖ್ಯೆಯ ಮೂರು ಪಟ್ಟಿಗೆ ನಾಲ್ಕು ಕೂಡಿಸಿದರೆ ಹತ್ತೊಂಬತ್ತು. ಆ ಸಂಖ್ಯೆ ಯಾವುದು? 3ರ + 4 = 19 ಎಂದು ಬರೆದೆ. ನಾಲ್ಕನ್ನು ದಾಟಿಸಿದೆ, 3ರ = 15. ಮೂರರಿಂದ ಭಾಗಿಸಿದೆ, ರ = 5.

ಹಾಳೆ ಕೊಡುವ ದಿನ ಟೀಚರ್ ನನ್ನ ಹತ್ತಿರ ನಿಂತು, 'ರ' ಮೇಲೆ ಬೆರಳಿಟ್ಟು, "ಹೆಂ ಕಿತೆಂ?" ಎಂದರು. ಇದೇನು ಅಂತ.

"ರ, ಟೀಚರ್."

ತರಗತಿ ಗೊಳ್ಳೆಂದಿತು. ಟೀಚರ್ ನಗಲಿಲ್ಲ. ಉತ್ತರಕ್ಕೆ ಸರಿ ಗುರುತು ಹಾಕಿ, ಒಂದೊಂದೇ 'ರ' ಹೊಡೆದುಹಾಕಿ ಮೇಲೆ x ಬರೆದರು. ಅವರದೇನೂ ತಪ್ಪಿಲ್ಲ. ಆದರೂ ನನಗೆ ಅಳು ತಡೆಯಲಾಗಲಿಲ್ಲ.

ಸಂಜೆ, ತೊಯ್ದ ಅಂಗಿ ಹಿಂಡುತ್ತಿದ್ದ ಅಪ್ಪನನ್ನು ಕೇಳಿದೆ. "ರತ್ನಿ ಯಾವಾಗ ಬರ್ತಾಳಪ್ಪಾ?"

"ಅವರು ಬರೂದಿಲ್ಲವ್ವಾ. ಆಕಿನ್ನ ಊರಾಗ ಸಾಲಿಗೆ ಹಚ್ಯಾರಂತ. ಖೋಲಿನೂ ಬ್ಯಾರೇದವರಿಗೆ ಕೊಟ್ರು."

ಮರುದಿನ ಚೀಲ ಕೆಳಗಿಟ್ಟೆ. ಆಮೇಲೆ ಎಲ್ಲರಂತೆ x ಬರೆದೆ, ಮಾರ್ಕ್ಸೂ ಚೆನ್ನಾಗಿ ಬಂದವು.

ಈಗ ಪಣಜಿಯಲ್ಲಿದ್ದೇನೆ. ಆ ದಿನ ನಕ್ಕ ಹುಡುಗಿಯರೆಲ್ಲ ಫೋನಿನಲ್ಲಿ ಸಿಕ್ಕಿದ್ದಾರೆ, ಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ. ರತ್ನಾ ಎಂದು ಹುಡುಕಿದರೆ ಪರದೆ ತುಂಬ ರತ್ನಾಗಳು, ಯಾವ ಮುಖವೂ ಅವಳದಲ್ಲ. ಚಾಳಿನಲ್ಲಿ ಎಲ್ಲರೂ 'ಊರಿಗೆ' ಹೋಗುತ್ತಿದ್ದರು; ಯಾವ ಊರು ಎಂದು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಜೀವದ ಗೆಳತಿ ಅನ್ನುತ್ತೇನೆ, ಆಕೆಯ ಪೂರ್ತಿ ಹೆಸರೂ ನನಗೆ ಗೊತ್ತಿಲ್ಲ.