ಕಂಬಳಿಯ ಮೇಲೆ ಕೊಟ್ಟ ಬಿಳಿ ಮರಿ

ಮರಿ ನೆಲಕ್ಕೆ ಬಿದ್ದಾಗ ಮೂಕಯ್ಯ ಮೊದಲು ನೋಡಿದ್ದು ಅದಕ್ಕೆ ಉಸಿರಿದೆಯೇ ಎಂದಲ್ಲ, ಬಣ್ಣ ಯಾವುದು ಎಂದು. ಕಪ್ಪು. ಹೊಗೆ ಹಿಡಿದ ಅಡುಗೆಮನೆ ಗೋಡೆಯಂಥ ಕಪ್ಪು. ತಾಯಿ ಕುದುರೆ ಮಲ್ಲಿಗೆ ಮಾತ್ರ ಹೆಸರಿಗೆ ತಕ್ಕಂತೆ ಬೆಳ್ಳಗೆ ನಿಂತು, ಯಾವ ಚಿಂತೆಯೂ ಇಲ್ಲದೆ ಅದನ್ನು ನೆಕ್ಕುತ್ತಿದ್ದಳು.

"ಏನಾಯ್ತು? ಗಂಡಾ, ಹೆಣ್ಣಾ?" ಹೆಂಡತಿ ಪಾಂಡೀಶ್ವರಿ ಹೊರಗಿನಿಂದ ಕೂಗಿದಳು.

"ಕರೀದು," ಎಂದ ಮೂಕಯ್ಯ. ತಮಿಳುನಾಡಿನ ಆಂಡಿಪಟ್ಟಿಯ ಅಂಚಿನ ಆ ತಗಡಿನ ಚಪ್ಪರದ ಕೆಳಗೆ, ಅರವತ್ತೆರಡು ವರ್ಷದ ಮನುಷ್ಯ ಹುಲ್ಲಿನ ಮೇಲೆ ಕುಸಿದು ಕೂತುಬಿಟ್ಟ.

ಮೂಕಯ್ಯನ ಬದುಕೆಲ್ಲ ಕುದುರೆಯ ಹಿಂದೆಯೇ ಹೋದದ್ದು. ಹರೆಯದಲ್ಲಿ ದಿಂಡಿಗಲ್ ಸ್ಟೇಷನ್ನಿನ ಮುಂದೆ ಜಟಕಾ ಹೊಡೆದ. ಆಟೋಗಳು ಬಂದು ಜಟಕಾ ಮೂಲೆ ಸೇರಿದ ಮೇಲೆ ಮದುವೆ ಮೆರವಣಿಗೆಗೆ ಕುದುರೆ ಕೊಡತೊಡಗಿದ. ಆಗ ಕೊಂಡದ್ದೇ ಮಲ್ಲಿಗೆ. ಏಳು ವರ್ಷದ ಹಿಂದೆ ದಿಂಡಿಗಲ್ಲಿನ ಒಂದು ಮದುವೆಯಲ್ಲಿ ಮದುಮಗನನ್ನು ಅವಳ ಮೇಲೆ ಕೂರಿಸಿ ಬೀದಿ ಸುತ್ತಿಸುತ್ತಿದ್ದಾಗಲೇ ಕೊಂಬೈಯಲ್ಲಿ ಅಕ್ಕ ಕಣ್ಣಮ್ಮಾಳ್‌ಳ ಗಂಡ ತೀರಿಹೋದ. ಬ್ಯಾಂಡಿನ ಗದ್ದಲದಲ್ಲಿ ಫೋನ್ ಕೇಳಿಸಲಿಲ್ಲ. ಗಂಡ ಸತ್ತವಳಿಗೆ ತೌರಿನ ಕೋಡಿ ಬಟ್ಟೆ, ಅಂದರೆ ಹೊಸ ಸೀರೆ, ಹೆಣ ಎತ್ತುವ ಮೊದಲೇ ಬರಬೇಕು. ಇವನು ಬಟ್ಟೆ ಹಿಡಿದು ಓಡಿಬಂದಾಗ ಸುಡುಗಾಡಿನಿಂದ ಜನ ವಾಪಸು ಬರುತ್ತಿದ್ದರು. "ತೌರೇ ಇಲ್ದವ್ಳ ಹಂಗೆ ಕೂತಿದ್ದೆ ಕಣೋ," ಎಂದಳು ಅಕ್ಕ. ಅದೇ ಕೊನೆ. ಆರು ವರ್ಷ ಮಾತಿಲ್ಲ.

ಹೋದ ವರ್ಷ ಹಿರಿಯರು ರಾಜಿ ಪಂಚಾಯ್ತಿಗೆ ಕಂಬಳಿ ಹಾಸಿ ಇಬ್ಬರನ್ನೂ ಕೂರಿಸಿದರು. ಕಣ್ಣಮ್ಮಾಳ್‌ಗೆ ಗಂಡು ಮಕ್ಕಳಿಲ್ಲ. ಮಗಳ ಮಗನಿಗೆ ಕಿವಿ ಚುಚ್ಚುವಾಗ ಕೂರಿಸಿಕೊಳ್ಳಲು ಮಾಮನ ತೊಡೆ ಬೇಕಾದರೆ ಅದು ಮೂಕಯ್ಯನದೇ ಆಗಬೇಕು, ಮಾಮನ ಕಡೆಯ ಉಡುಗೊರೆಯಾದ ಸೀರನ್ನೂ ಅವನೇ ತರಬೇಕು. ಅಕ್ಕ ಒಂದೇ ಮಾತು ಕೇಳಿದಳು. "ಆವತ್ತು ಇವನ್ನ ಬರಗೊಡದೆ ಹಿಡ್ಕೊಂಡಿದ್ದು ಆ ಬಿಳೀ ಕುದ್ರೆ. ಅದ್ರ ಹೊಟ್ಟೇಲಿ ಮರಿ ಐತಂತೆ. ಆ ಬಿಳೀ ಮರೀನ ಮುಂದೆ ನಡ್ಸ್ಕೊಂಡು ಸೀರು ತರ್ಲಿ."

"ಬಿಳೀದೇ ತತ್ತೀನಿ ಅಕ್ಕಾ," ಎಂದುಬಿಟ್ಟ ಮೂಕಯ್ಯ. ಬೆಳ್ಳನೆಯ ತಾಯಿಗೆ ಬೆಳ್ಳನೆಯ ಮರಿ ಎಂದು ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕುದುರೆಗಳ ಜೊತೆ ನಲವತ್ತು ವರ್ಷ ಕಳೆದವನ ತಿಳಿವಳಿಕೆ ಇಷ್ಟು! ಮರಿ ಹಾಕಿಸಿದವನಲ್ಲ, ಓಡಿಸಿದವನು ಅಷ್ಟೇ. ಆದರೆ ಕಂಬಳಿಯ ಮೇಲೆ ಆಡಿದ ಮಾತನ್ನು ಮನೆಯಲ್ಲಿ ಕನ್ನಡವಾಡುವ ಆ ಜನರಲ್ಲಿ ಯಾರೂ ಹಿಂದಕ್ಕೆ ಪಡೆಯುವುದಿಲ್ಲ.

ಮರಿಗೆ ಹತ್ತು ದಿನವಾದಾಗ ಪಶುವೈದ್ಯೆ ಎಳಿಲ್ ನೋಡಲು ಬಂದಳು. ಅವಳೂ ಅದೇ ಜನದವಳು. ಮನೆಮಾತಾದ ಕನ್ನಡ ಅರ್ಥವಾಗುತ್ತದೆ, ಆಡುವಾಗ ಅರ್ಧಕ್ಕೇ ತಮಿಳಿಗೆ ಜಾರುತ್ತಾಳೆ.

"ಕಾಮರಾಜ್ ಮೋಸ ಮಾಡವ್ನೆ ಡಾಕ್ಟ್ರಮ್ಮಾ. ಅವ್ನ ಕೆಂಪು ಗಂಡ್ ಕುದ್ರೆ ತೋರ್ಸಿ ಬೇರೆ ಯಾವ್ದನ್ನೋ ಬಿಟ್ಟವ್ನೆ."

"ಇಲ್ಲ ತಾತಾ. ಮಲ್ಲಿಗೆ ಮೂಗು ನೋಡಿ. ಕೂದ್ಲು ಬಿಳಿ, ತೊಗ್ಲು ಕಪ್ಪು. ಇದು ಹುಟ್ಟುಬಿಳಿ ಅಲ್ಲ, ನರೆತಿದ್ದು." ಆಮೇಲೆ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು. ಬಣ್ಣದ ಜೀನ್‌ಗಳು ಜೋಡಿಯಾಗಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಕೆಂಪು ಅಡಗಿ ಕೂರುತ್ತದೆ; ಕಪ್ಪು ಒಂದಿದ್ದರೂ ಸಾಕು, ಕೆಂಪನ್ನು ಮುಚ್ಚುತ್ತದೆ. ಇವೆರಡಲ್ಲದೆ ನರೆಸುವ ಜೀನ್ ಬೇರೆಯೇ ಒಂದಿದೆ. ಅದೂ ಒಂದಿದ್ದರೆ ಸಾಕು, ಮರಿ ಯಾವ ಬಣ್ಣದಲ್ಲಿ ಹುಟ್ಟಿದರೂ ವರ್ಷ ವರ್ಷಕ್ಕೆ ಬೆಳ್ಳಗಾಗುತ್ತ ಹೋಗುತ್ತದೆ. ಕಾಮರಾಜನ ಕುದುರೆಯಲ್ಲಿ ಅದಿಲ್ಲ. ಇದ್ದಿದ್ದರೆ ಅದೇ ಇಷ್ಟು ಹೊತ್ತಿಗೆ ನರೆಯುತ್ತಿತ್ತು. ಮಲ್ಲಿಗೆಯಲ್ಲಿ ಎರಡಿದ್ದರೆ ಮರಿ ಖಂಡಿತ ಬಿಳಿ. ಒಂದೇ ಇದ್ದರೆ ಅರ್ಧಕ್ಕರ್ಧ ಸಾಧ್ಯತೆ. "ಅವಳ ಅಮ್ಮ ಯಾವ ಬಣ್ಣ ತಾತಾ?"

ಮೂಕಯ್ಯನಿಗೆ ಗೊತ್ತಿರಲಿಲ್ಲ. ಮರುದಿನವೇ ಬಸ್ ಹತ್ತಿ ದಿಂಡಿಗಲ್ಲಿಗೆ ಹೋದ. ಮಲ್ಲಿಗೆಯನ್ನು ಮಾರಿದ್ದ ವೇಲುಸಾಮಿ ಈಗ ಬೀಗದ ಅಂಗಡಿಯಲ್ಲಿ ಕೂತು ಕೀಲಿಕೈ ಉಜ್ಜುತ್ತಿದ್ದ.

"ಅವ್ಳ ಅಮ್ಮನಾ? ಕೆಂಪು. ಸಾಯೋಗಂಟ ಕೆಂಪೇ. ಅಪ್ಪ ಬಿಳೀದು. ಮಲ್ಲಿಗೆ ಹುಟ್ಟಿದಾಗ ಕಾಗೆ ಹಂಗಿದ್ಲು. ಬೆಳ್ಳಗಾಗೋಕೆ ಏಳೆಂಟು ವರ್ಸ ಹಿಡೀತು."

ಮೂಕಯ್ಯ ಲೆಕ್ಕ ಹಾಕಿದ. ತಾಯಿ ಕೆಂಪಾದರೆ ಮಲ್ಲಿಗೆಗೆ ಬಂದ ನರೆಸುವ ಜೀನ್ ಒಂದೇ. ಅರ್ಧಕ್ಕರ್ಧ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಮಾತಿಗೆಳೆದರೂ ಇವನಿಗೆ ಒಂದಕ್ಷರ ಕೇಳಿಸಲಿಲ್ಲ.

ನರೆಯುವ ಮರಿಗೆ ಮೊದಲ ಬಿಳಿ ಕೂದಲು ಕಣ್ಣಿನ ಸುತ್ತ ಬರುತ್ತದೆ ಎಂದಿದ್ದಳು ಎಳಿಲ್. ಅಂದಿನಿಂದ ಬೆಳಗಾದರೆ ಮೂಕಯ್ಯ ಹೆಂಡತಿಯ ಕನ್ನಡಕ ಏರಿಸಿಕೊಂಡು ಮರಿಯ ಮುಖದಲ್ಲಿ ಮುಖವಿಟ್ಟು ಕೂರುತ್ತಿದ್ದ.

"ನನ್ ಮೊಕಾನ ಒಂದಿನ ಹಿಂಗೆ ನೋಡಿದ್ರೆ ಆಗ್ತಿತ್ತು," ಎನ್ನುತ್ತಿದ್ದಳು ಪಾಂಡೀಶ್ವರಿ. ಅವನಿಗೆ ನಗು ಬರುತ್ತಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ತಮಿಳು ತಿಂಗಳು ವೈಗಾಸಿ ಕಳೆಯಿತು, ಆನಿ ಕಳೆಯಿತು. ಕಿವಿ ಚುಚ್ಚುವುದು ಒಂದು ತಿಂಗಳು ಬಿಟ್ಟು ಬರುವ ಆವಣಿಯಲ್ಲಿ. ಅಷ್ಟರಲ್ಲಿ ಸುದ್ದಿ ಕೊಂಬೈಗೂ ಮುಟ್ಟಿ, ಅಲ್ಲಿಂದ ಅಕ್ಕನ ಮಾತು ಬಂತು: ಕರೀ ಮರಿ ಹಿಡ್ಕೊಂಡು ಬಂದರೆ ಬಾಗಿಲು ತೆಗೆಯೋದಿಲ್ಲ.

"ಅದಕ್ಕೆ ಸುಣ್ಣ ಬಳ್ದು ಕರ್ಕೊಂಡು ಹೋಗು, ಒಂದಿನದ ಮಾತು," ಎಂದ ಕಾಮರಾಜ್. ಮೂಕಯ್ಯ ಒಂದು ಮಧ್ಯಾಹ್ನ ನಿಜವಾಗಿಯೂ ಬಕೆಟ್ಟಿನಲ್ಲಿ ಸುಣ್ಣ ಕಲೆಸಿದ. ಮರಿ ಬಂದು ಅವನ ಅಂಗಿಯ ತುದಿ ಚೀಪತೊಡಗಿತು. ಅಕ್ಕನಿಗೆ ಎರಡನೇ ಸಲ ಮೋಸ ಮಾಡಲು ಕೈ ಏಳಲಿಲ್ಲ. ಬಕೆಟ್ಟನ್ನು ಬೇವಿನ ಬುಡಕ್ಕೆ ಸುರಿದ.

ಕಿವಿ ಚುಚ್ಚುವುದಕ್ಕೆ ಒಂಬತ್ತು ದಿನ ಇರುವಾಗ, ಮರಿಯ ಎಡಗಣ್ಣಿನ ಕೆಳಗೆ ಏನೋ ಮಿಂಚಿತು. ಹೊಟ್ಟಿನ ಧೂಳಿರಬೇಕೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದ. ಬೇರಿನಿಂದಲೇ ಬೆಳ್ಳಗಿದ್ದ ಆರು ಕೂದಲು. ಎಳಿಲ್‌ಗೆ ಫೋಟೋ ಕಳಿಸಿ, ಅವಳು "ನರೆಯುತ್ತೆ ತಾತಾ, ಸಂದೇಹ ಬೇಡ" ಎನ್ನುವವರೆಗೆ ಅವನಿಗೆ ಉಸಿರು ಕೆಳಗಿಳಿಯಲಿಲ್ಲ. ಇಳಿದ ಮೇಲೂ ನೆಮ್ಮದಿ ಬರಲಿಲ್ಲ. ಆರು ಕೂದಲನ್ನು ಬಿಳಿ ಕುದುರೆ ಎಂದು ಅಕ್ಕ ನಂಬಬೇಕಲ್ಲ?

ಕಿವಿ ಚುಚ್ಚುವ ದಿನ ಹಾಲಿನವನಿಗಿಂತ ಮೊದಲೇ ಮೂಕಯ್ಯನ ಬಾಡಿಗೆ ವ್ಯಾನು ಕೊಂಬೈಯಲ್ಲಿ ನಿಂತಿತು. ಮರಿ ಇನ್ನೂ ಹಾಲು ಕುಡಿಯುತ್ತಿದ್ದರಿಂದ ಮಲ್ಲಿಗೆಯೂ ಬಂದಿದ್ದಳು. ಸೀರಿನ ತಟ್ಟೆಗಳನ್ನು ಇಳಿಸಿಕೊಳ್ಳಲು ಪಾಂಡೀಶ್ವರಿಗೆ ಹೇಳಿ, ಮೂಕಯ್ಯ ಮರಿಯ ಹಗ್ಗ ಹಿಡಿದು ಮುಂದೆ ನಡೆದ. ಅಂಗಳಕ್ಕೆ ನೀರು ಹಾಕುತ್ತಿದ್ದ ಕಣ್ಣಮ್ಮಾಳ್ ಚೊಂಬು ಹಿಡಿದೇ ನೆಟ್ಟಗಾದಳು.

"ಇದಾ ಕಂಬ್ಳಿ ಮೇಲೆ ಕೊಟ್ಟ ಮಾತು?"

"ತಿಳೀದೆ ಕೊಟ್ಟೆ ಅಕ್ಕಾ. ಇಂಥ ಕುದ್ರೆಗ್ಳು ಹುಟ್ಟೋದೇ ಕರ್ರಗೆ. ಮಲ್ಲಿಗೇನೂ ಹಿಂಗೇ ಇದ್ಲಂತೆ. ಇದೂ ಬೆಳ್ಳಗಾಗ್ತದೆ. ಕಣ್ ತಾವ ಸುರುವಾಗೈತೆ."

"ಯಾವತ್ತಿಗೆ ಆಗ್ತದೆ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಏಳೆಂಟು ವರ್ಸ."

"ನಂಗೀಗ ಅರವತ್ತೊಂಬತ್ತು ಕಣೋ ಮೂಕಾ."

ಕಣ್ಣಮ್ಮಾಳ್ ಬಾಗಿಲ ಕಡೆ ತಿರುಗಿದಳು. ಮುಗಿಯಿತು ಎಂದುಕೊಂಡ ಮೂಕಯ್ಯ. ಅವಳು ಚೊಂಬನ್ನು ಹೊಸ್ತಿಲ ಪಕ್ಕ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮರಿಯ ಹತ್ತಿರ ಬಂದಳು.

"ಎಲ್ಲೈತೆ? ನಂಗ್ ಸಣ್ಣದು ಕಣ್ಗೆ ಕಾಣಲ್ಲ. ತೋರ್ಸು."

ಮೂಕಯ್ಯ ಏಳು ವರ್ಷದ ಮೇಲೆ ಅಕ್ಕನ ಕೈ ಹಿಡಿದ. ಅವಳ ಬೆರಳನ್ನು ಮರಿಯ ಕಣ್ಣಿನ ಕೆಳಗೆ ಮೆಲ್ಲಗೆ ಒತ್ತಿದ. ಅವಳು ತುಂಬ ಹೊತ್ತು ಅಲ್ಲೇ ಸವರಿದಳು.

"ಇದು ನಿನ್ ತಾವೇ ಇರ್ಲಿ, ನನ್ ಮನೇಲಿ ಕಟ್ಟೋಕೆ ಜಾಗ ಇಲ್ಲ. ವರ್ಸ ವರ್ಸ ಕರ್ಕೊಂಡು ಬಂದು ಎಷ್ಟ್ ಬೆಳ್ಳಗಾಯ್ತು ಅಂತ ತೋರ್ಸು. ಇದು ಪೂರಾ ಬೆಳ್ಳಗಾಗೋಗಂಟ ನಾನು ಸಾಯಲ್ಲ."

"ಬತ್ತೀನಕ್ಕಾ," ಎಂದ ಮೂಕಯ್ಯ. "ತಡ ಮಾಡಲ್ಲ."

"ಒಳಗ್ ಬಾ, ಮಗು ಎದ್ದದೆ," ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು.