ತೊಣ್ಣೂರು ಕೆರೆಯ ಕೊರವ ಮೀನು

ಕೂತಲ್ಲಿ ಕೂರಲಾರದ ಸ್ವಭಾವ ನನಗೆ ಹುಟ್ಟಿನಿಂದ ಬಂದದ್ದು. ಫೋಟೋ ತೆಗೆಯುವವನಿಗೆ ಬೇಕಾದ್ದು ತಾಳ್ಮೆ. ಅದೊಂದು ಬಿಟ್ಟು ಉಳಿದೆಲ್ಲ ನನ್ನ ಹತ್ತಿರ ಇತ್ತು. ಅರವತ್ತರ ದಶಕದಲ್ಲಿ ಪಾಂಡವಪುರದ ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಸ್ಟುಡಿಯೋ. ಒಂದು ವರ್ಷ ಮುಂಗಾರಿನ ಹೊತ್ತಿಗೆ ಹೆಂಡತಿ ಹೆರಿಗೆಗೆ ಬೂಕನಕೆರೆಯ ತವರಿಗೆ ಹೋಗಿದ್ದಳು. ಎರಡನೆಯ ಬಸಿರು. ಮೊದಲನೆಯ ಮಗು ಅದೇ ಮನೆಯಲ್ಲಿ ಹುಟ್ಟುವಾಗಲೇ ತೀರಿಕೊಂಡಿತ್ತು. ನನಗೆ ಸುದ್ದಿ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ.

ಹೆರಿಗೆ ಮನೆಯಲ್ಲಿ ಅಳಿಯನಿಗೆ ಜಾಗವಿಲ್ಲ ಅನ್ನುವುದು ನಮ್ಮ ಕಡೆಯ ರೂಢಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟ ಹಾಕಿ ಸಂಜೆ ಬಸ್ಸು ಹತ್ತಿಸುತ್ತಾರೆ. ಹಾಗೆ ಎರಡು ಸಲ ಹತ್ತಿಸಿಕೊಂಡು ಬಂದವನು ಸ್ಟುಡಿಯೋದಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತತೊಡಗಿದೆ. ಒಂದು ಮದುವೆ ಜೋಡಿಯ ಫೋಟೋದಲ್ಲಿ ಗಂಡಿನ ತಲೆಯೇ ಬರಲಿಲ್ಲ. ಕೈಗೆ ಬೇರೆ ಏನಾದರೂ ಕೆಲಸ ಬೇಕಿತ್ತು. ತೊಣ್ಣೂರು ಕೆರೆಯ ತಿಳಿನೀರಿನಲ್ಲಿ ಕೊರವ ಮೀನು ಮೊಟ್ಟೆ ಇಡುವುದನ್ನು ಫೋಟೋ ಹಿಡಿಯಬೇಕೆಂಬ ಹುಚ್ಚು ಹಳೆಯದು. ಸೀಮೆಎಣ್ಣೆ ಡಬ್ಬದ ತಳ ಕತ್ತರಿಸಿ, ಕಿಟಕಿ ಗಾಜು ಕೂರಿಸಿ, ಸಂದಿಗೆ ಅರಗು ಮೆತ್ತಿದೆ. ಒಳಗೆ ಕ್ಯಾಮೆರಾ ಇಟ್ಟು ಡಬ್ಬವನ್ನು ಅರ್ಧ ಮುಳುಗಿಸಿ ಹಿಡಿದರೆ ನೀರೊಳಗಿನದೆಲ್ಲ ಗಾಜಿನಲ್ಲಿ ಕಾಣುತ್ತಿತ್ತು.

ದಿನಾ ಬೆಳಿಗ್ಗೆ ಸೈಕಲ್ ತುಳಿದು ಹೋಗಿ, ದಡದ ಜೊಂಡಿನ ನಡುವೆ ಮೊಣಕಾಲು ನೀರಿನಲ್ಲಿ ನಿಲ್ಲುತ್ತಿದ್ದೆ. ನಿಂತೆ ಅನ್ನುವುದೂ ಸುಳ್ಳೇ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನೀರು ಕದಡುತ್ತಿದ್ದೆ. ಮೀನು ಹತ್ತಿರ ಸುಳಿಯುತ್ತಿರಲಿಲ್ಲ. ಈಗ ನೋವು ಶುರುವಾಗಿದ್ದರೆ? ಈ ಸಲವೂ ಹಾಗೇ ಆದರೆ? ತಲೆಯಲ್ಲಿ ಅದೇ.

ಒಂದು ದಿನ, ರಾತ್ರಿಯೆಲ್ಲ ಮಳೆ ಹುಯ್ದು ಬೆಳಗಾಗುವಾಗ ಬಿಟ್ಟಿತ್ತು. ಅವತ್ತು ಅವು ಬಂದವು. ಜೊಂಡು ಸರಿಸಿ ಮಾಡಿಕೊಂಡ ಮೊರದಗಲದ ಜಾಗದಲ್ಲಿ ಗಂಡು ಹೆಣ್ಣು ಒಂದನ್ನೊಂದು ಸುತ್ತಿದವು, ಮೈ ಬಳಸಿ ಹೊರಳಿದವು. ಸಣ್ಣ ಹಳದಿ ಮೊಟ್ಟೆಗಳು ನವಣೆ ಚೆಲ್ಲಿದ ಹಾಗೆ ಮೇಲೆದ್ದು ತೇಲಿದವು. ಉಸಿರು ಬಿಗಿಹಿಡಿದು ಒಂದೊಂದೇ ಫೋಟೋ ತೆಗೆದೆ. ಆಮೇಲೆ ಫಿಲ್ಮ್ ತೊಳೆದು ನೋಡಿದರೆ ಮೀನಿಗಿಂತ ನನ್ನ ಕಾಲ್ಬೆರಳೇ ಚೆನ್ನಾಗಿ ಬಂದಿತ್ತು.

ಸ್ವಲ್ಪ ಹೊತ್ತಿಗೆ ಹೆಣ್ಣು ಅತ್ತ ಸರಿದು ಹೋಯಿತು. ಗಂಡು ಮೊಟ್ಟೆಗಳ ಕೆಳಗೆ ನಿಂತೇಬಿಟ್ಟಿತು. ಇನ್ನೂ ಹತ್ತಿರದಿಂದ ಹಿಡಿಯೋಣವೆಂದು ಡಬ್ಬವನ್ನು ಅದರತ್ತ ತಳ್ಳಿದೆ. ಅದು ಓಡಲಿಲ್ಲ, ಬಂದು ಗಾಜಿಗೆ ಗುದ್ದಿತು. ಮತ್ತೆ ತಳ್ಳಿದೆ, ಮತ್ತೆ ಗುದ್ದಿತು. ನನಗೆ ಆದದ್ದು ನಾಚಿಕೆಯೋ ಹೊಟ್ಟೆಕಿಚ್ಚೋ ತಿಳಿಯದು. ಒಂದು ಮೀನಿಗಿರುವಷ್ಟು ಮೊಂಡುತನ ಅತ್ತೆ ಮನೆಯ ಬಾಗಿಲಲ್ಲಿ ನನಗೆ ಬರಲಿಲ್ಲವಲ್ಲ ಅನಿಸಿತು. ಒದ್ದೆ ಬಟ್ಟೆಯಲ್ಲೇ ಸೈಕಲ್ ತುಳಿದು ಬಂದು ಕೆ.ಆರ್. ಪೇಟೆ ಕಡೆಯ ಬಸ್ಸು ಹತ್ತಿದೆ.

ಬೂಕನಕೆರೆಗೆ ಬಂದರೆ ಬೆಳಗಿನಿಂದಲೇ ನೋವು ಶುರುವಾಗಿತ್ತು. ಅತ್ತೆ ಬಾಗಿಲಲ್ಲೇ ತಡೆದರು.

“ಈಗ್ಯಾಕ್ ಬಂದ್ರಿ? ಆದ್ಮೇಲೆ ಯೋಳ್ಕಳಿಸ್ತಿದ್ವಲ್ಲ.”

ನಾನು ಜಗಲಿ ಮೇಲೆ ಕೂತೆ. ಊಟಕ್ಕೆ ಕರೆದರೂ ಏಳಲಿಲ್ಲ, ಸಂಜೆ ಬಸ್ಸು ಹಾರ್ನ್ ಹೊಡೆದರೂ ಏಳಲಿಲ್ಲ. ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಒಳಗೆ ಅವಳು ನರಳುವುದು ಕೇಳುತ್ತಿತ್ತು. ಕೊನೆಗೆ ತಡೆಯಲಾರದೆ ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ:

“ಇಲ್ಲೇ ಇವ್ನಿ ಕಣಮ್ಮಿ.”

ದೀಪ ಹಚ್ಚುವ ಹೊತ್ತಿಗೆ ಮಗು ಅತ್ತಿತು. ಅತ್ತೆ ಹೊರಗೆ ಬಂದು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಅಂದವರು ಒಳಗೆ ಹೋಗಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ಹೊಸ್ತಿಲಲ್ಲೇ ನಿಂತರು.

“ಓದ್ ಸಲಾನೂ ನಿಮ್ಮನ್ನೇ ಕರೀತಿದ್ಲು. ನಾವೇ ಯೋಳ್ಕಳಿಸ್ನಿಲ್ಲ.”

ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಪುರುಡು ಕಳೆಯುವವರೆಗೆ ಒಳಗೆ ಬಿಡುವುದಿಲ್ಲ, ಊರಿಗೆ ಹೋಗಿ ಬನ್ನಿ ಎಂದರು. ಅಲ್ಲಿಯವರೆಗೂ ಆ ಜಗಲಿಯ ಮೇಲೇ ಮಲಗಿದೆ.